ಗಣಕಯಂತ್ರದ ತಿರುಳು ತನ್ನ ದೋಷವನ್ನು ತಾನೇ ಹೇಳುವ ಬಗೆ

ರೋಗಿಯು ತನ್ನ ನೋವು ಎಲ್ಲಿದೆ, ಎಂದು ಆರಂಭವಾಯಿತು ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲವನಾದರೆ ವೈದ್ಯನ ಅರ್ಧ ಕೆಲಸ ಮುಗಿದಂತೆಯೇ ಸರಿ. ಮಾತು ಬಾರದ ಹಸುಗೂಸಿನ ಬೇನೆಯನ್ನು ಅರಿಯುವುದು ಎಷ್ಟು ಕಷ್ಟವೆಂಬುದನ್ನು ತಾಯಂದಿರು ಬಲ್ಲರು. ಗಣಕಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಕೆಟ್ಟು ನಿಂತ ಯಂತ್ರವು ತನಗೇನಾಯಿತೆಂಬುದನ್ನು ತಾನೇ ತಿಳಿಸುವಂತೆ ಮಾಡಲು ತಜ್ಞರು ದಶಕಗಳಿಂದ ಶ್ರಮಿಸುತ್ತ ಬಂದಿದ್ದಾರೆ. ಆ ಶ್ರಮದ ಒಂದು ನಿದರ್ಶನವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಗಣಕಯಂತ್ರದ ಬಿಡಿಭಾಗಗಳನ್ನೂ ಅದರಲ್ಲಿ ನಡೆಯುವ ಕ್ರಮವಿಧಿಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅದರ ಒಳತಿರುಳೇ ಕರ್ನೆಲ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಅಂತಹ ಒಂದು ಕರ್ನೆಲ್. ನಮ್ಮಲ್ಲಿ ಅನೇಕರ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯೂ ಇದರ ಆಧಾರದಿಂದಲೇ ನಡೆಯುತ್ತದೆ.

ಸಾಮಾನ್ಯ ಕ್ರಮವಿಧಿಯೊಂದು ಕುಸಿದರೆ ಅದನ್ನು ವರದಿ ಮಾಡಲು ಕರ್ನೆಲ್ ಇರುತ್ತದೆ. ಆದರೆ ಕರ್ನೆಲ್ಲೇ ಕುಸಿದರೆ ಹೇಳುವವರು ಯಾರು? ಬೀಳುತ್ತಿರುವವನೇ ತನ್ನ ಪತನದ ಸಾಕ್ಷಿಯನ್ನೂ ನುಡಿಯಬೇಕಾದ ಪರಿಸ್ಥಿತಿ ಅದು. ಇದಕ್ಕಾಗಿ ಲಿನಕ್ಸಿನಲ್ಲಿ 'ಪ್ರಿಂಟ್‌ಕೆ' ಎಂಬ ವಿಧಾನವಿದೆ. ಅದರ ಮೂಲಕ ಕರ್ನೆಲ್ ತನ್ನ ಸಂದೇಶಗಳನ್ನು ಸ್ಮೃತಿಯ ಒಂದು ಗೊತ್ತಾದ ಭಾಗದಲ್ಲಿ ಬರೆದಿಡುತ್ತದೆ. ಆ ಭಾಗವು ಚಕ್ರದಂತಹುದು; ಸ್ಥಳ ತುಂಬಿದ ಮೇಲೆ ಹಳೆಯ ಬರಹ ಅಳಿದು ಹೊಸದಕ್ಕೆ ಎಡೆಯಾಗುತ್ತದೆ. ಪ್ರತಿ ಸಂದೇಶಕ್ಕೂ 0ಯಿಂದ 7ರವರೆಗಿನ ಎಂಟು ದರ್ಜೆಗಳಲ್ಲಿ ಒಂದಿರುತ್ತದೆ. 0 ಎಂದರೆ ಯಂತ್ರವೇ ನಿರುಪಯುಕ್ತವಾಗುವಂತಹ ಆಪತ್ತು; 7 ಎಂದರೆ ದೋಷಶೋಧಕನಿಗೆ ಮಾತ್ರ ಬೇಕಾದ ವಿವರ.

ಈ ವರದಿಯನ್ನು ಉತ್ತಮಗೊಳಿಸುವ ಮೊದಲ ಮಾರ್ಗವೆಂದರೆ ಅದನ್ನು ಅರ್ಥವಾಗುವಂತೆ ಮಾಡುವುದು. ಹಿಂದೆ ಕುಸಿತದ ಸಮಯದಲ್ಲಿ ಪರದೆಯ ಮೇಲೆ ಮೂಡುತ್ತಿದ್ದುದು ಹೆಚ್ಚಾಗಿ ಸ್ಮೃತಿವಿಳಾಸಗಳ ಅಂಕಿಗಳು. ಅವು ಕರ್ನೆಲ್ಲಿನ ಯಾವ ಭಾಗವನ್ನು ಸೂಚಿಸುತ್ತವೆಂಬುದನ್ನು ಬೇರೆ ಸಾಧನದ ನೆರವಿನಿಂದ ಹೊಂದಿಸಿ ನೋಡಬೇಕಾಗಿತ್ತು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯ ವೇಳೆಗೆ ಹೆಸರುಗಳ ಪಟ್ಟಿಯನ್ನು ಕರ್ನೆಲ್ ತನ್ನೊಳಗೇ ಇರಿಸಿಕೊಂಡು, ಅಂಕಿಯ ಬದಲು ಹೆಸರನ್ನೇ ಹೇಳತೊಡಗಿತು. ಯಂತ್ರ ಆರಂಭವಾದ ಎಷ್ಟು ಹೊತ್ತಿಗೆ ಘಟನೆ ನಡೆಯಿತೆಂಬ ಕಾಲಸೂಚನೆಯನ್ನೂ ಪ್ರತಿ ಸಾಲಿಗೆ ಸೇರಿಸಬಹುದಾಯಿತು.

ಎರಡನೆಯದು ವಿವೇಚನೆ. ಎಲ್ಲವನ್ನೂ ಹೇಳುವವನ ಮಾತಿನಲ್ಲಿ ಮುಖ್ಯವಾದುದು ಮುಳುಗಿಹೋಗುತ್ತದೆ. ಚಕ್ರಾಕಾರದ ಸ್ಮೃತಿಯಲ್ಲಂತೂ ನಿರರ್ಥಕ ಸಂದೇಶಗಳು ಅಮೂಲ್ಯವಾದುದನ್ನು ಅಳಿಸಿಯೇ ಬಿಡುತ್ತವೆ. ಆದುದರಿಂದ ಒಂದೇ ದೂರು ಮತ್ತೆ ಮತ್ತೆ ಬಂದಾಗ ಅದನ್ನು ಮಿತಗೊಳಿಸುವ ವ್ಯವಸ್ಥೆಯಿದೆ. 5 ಸೆಕೆಂಡುಗಳಿಗೆ 10 ಸಂದೇಶಗಳೆಂಬುದು ಅದರ ವಾಡಿಕೆಯ ಮಿತಿ. 2009ರಿಂದ ಮತ್ತೊಂದು ಸೌಕರ್ಯ ದೊರೆಯಿತು: ಯಂತ್ರವನ್ನು ನಿಲ್ಲಿಸದೆಯೇ, ಬೇಕಾದ ಕಡತದ, ಬೇಕಾದ ಸಾಲಿನ ದೋಷಶೋಧನ ಸಂದೇಶವನ್ನು ಮಾತ್ರ ತೆರೆಯಬಹುದು, ಕೆಲಸ ಮುಗಿದೊಡನೆ ಮುಚ್ಚಬಹುದು.

ಮೂರನೆಯದು ಎಚ್ಚರ. ಸ್ಮೃತಿಯ ನಿಜವಾದ ವಿಳಾಸಗಳನ್ನು ಬಹಿರಂಗಪಡಿಸಿದರೆ ಅವು ಶೋಧಕನಿಗೆ ಹೇಗೋ ಹಾಗೆಯೇ ದಾಳಿಕಾರನಿಗೂ ಉಪಯುಕ್ತವಾಗುತ್ತವೆ. ಆದಕಾರಣ 2018ರ ಜನವರಿಯಲ್ಲಿ ಬಂದ 4.15ನೆಯ ಆವೃತ್ತಿಯಿಂದ ಸಾಮಾನ್ಯ ರೀತಿಯಲ್ಲಿ ಮುದ್ರಿಸಿದ ವಿಳಾಸದ ಬದಲು ಅದರಿಂದ ಹುಟ್ಟಿಸಿದ ಗುಪ್ತ ಗುರುತು ಕಾಣಿಸುತ್ತದೆ. ಎರಡು ಸಾಲುಗಳು ಒಂದೇ ವಸ್ತುವಿಗೆ ಸಂಬಂಧಿಸಿವೆಯೇ ಎಂದು ಹೋಲಿಸಲು ಆ ಗುರುತು ಸಾಕು. ವಸ್ತು ಎಲ್ಲಿದೆಯೆಂಬುದನ್ನು ಅದು ಬಿಟ್ಟುಕೊಡುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದುದು: ಹೇಳುವ ಕ್ರಿಯೆಯೇ ಕೆಲಸಕ್ಕೆ ಅಡ್ಡಿಯಾಗಬಾರದು. ಸೆಕೆಂಡಿಗೆ 1,15,200 ಬಿಟ್‌ಗಳನ್ನು ಸಾಗಿಸುವ ಸಂಪರ್ಕತಂತಿಯಲ್ಲಿ ಅಕ್ಷರವೊಂದಕ್ಕೆ 10 ಬಿಟ್‌ಗಳು ಬೇಕೆಂದಾದರೆ, 80 ಅಕ್ಷರಗಳ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡುಗಳು ಹಿಡಿಯುತ್ತವೆ. ನಮಗೆ ಅದು ಕಣ್ಣೆವೆಯಿಕ್ಕುವಷ್ಟು ಕಾಲವೂ ಅಲ್ಲ. ಆದರೆ ಕಾರ್ಖಾನೆಯ ಯಂತ್ರದ ತೋಳನ್ನು ಪ್ರತಿ ಮಿಲಿಸೆಕೆಂಡಿಗೊಮ್ಮೆ ನಿಯಂತ್ರಿಸಬೇಕಾದ ಗಣಕಕ್ಕೆ ಅದು ಅಪಾಯಕರ ವಿಳಂಬ. ಇದಲ್ಲದೆ, ಹಲವು ಸಂಸ್ಕಾರಕಗಳು ಏಕಕಾಲಕ್ಕೆ ಬರೆಯಹೊರಟಾಗ ಒಂದಕ್ಕಾಗಿ ಇನ್ನೊಂದು ಕಾಯಬೇಕಾಗಿತ್ತು. ಲೇಖನಿ ಹಿಡಿದ ಗುಮಾಸ್ತನೇ ಮೂರ್ಛೆಹೋದರೆ ಕಚೇರಿಯ ಪುಸ್ತಕದಲ್ಲಿ ಉಳಿದವರಾರೂ ಬರೆಯಲಾಗದಂತಹ ಸ್ಥಿತಿಯೂ ಒದಗಬಹುದಾಗಿತ್ತು.

2020ರ ಡಿಸೆಂಬರಿನ 5.10ನೆಯ ಆವೃತ್ತಿಯಲ್ಲಿ ಇದಕ್ಕೆ ಪರಿಹಾರವಾಗಿ ಹೊಸ ದಾಖಲೆಪಟ್ಟಿ ಬಂದಿತು. ಅದರಲ್ಲಿ ಪ್ರತಿಯೊಬ್ಬನೂ ಮೊದಲು ತನ್ನ ಸ್ಥಳವನ್ನು ಕಾದಿರಿಸಿ, ಬರೆದು, ಬಳಿಕ 'ಮುಗಿಯಿತು' ಎಂದು ಗುರುತುಮಾಡುತ್ತಾನೆ. ಓದುವವನು ಮುಗಿದ ಬರಹವನ್ನಷ್ಟೇ ಓದುತ್ತಾನೆ. ಯಾರೂ ಯಾರನ್ನೂ ತಡೆಯುವುದಿಲ್ಲ. 2024ರ ನವೆಂಬರಿನ 6.12ನೆಯ ಆವೃತ್ತಿಯಲ್ಲಿ, ನಿಧಾನವಾದ ಮುದ್ರಣವನ್ನು ಪ್ರತ್ಯೇಕ ಕಾರ್ಯಕ್ಕೆ ವಹಿಸಿ, ಆಪತ್ಕಾಲದಲ್ಲಿ ಮಾತ್ರ ನೇರವಾಗಿ ನುಡಿಯುವ ಏರ್ಪಾಡು ಸೇರಿತು. ಸುಮಾರು 20 ವರ್ಷಗಳಿಂದ ಹೊರಗೇ ಬೆಳೆಯುತ್ತಿದ್ದ ನಿಖರಕಾಲ ನಿರ್ವಹಣೆಯ ವ್ಯವಸ್ಥೆಯು ಮುಖ್ಯ ಲಿನಕ್ಸಿನಲ್ಲಿ ಪೂರ್ಣವಾಗಿ ಸೇರಿದುದೂ ಅದೇ ಆವೃತ್ತಿಯಲ್ಲಿ. ಅದರ ಹಾದಿಯ ಕೊನೆಯ ದೊಡ್ಡ ತೊಡಕು ಈ ಸಂದೇಶಮುದ್ರಣವೇ ಆಗಿತ್ತೆಂಬುದು ಗಮನಾರ್ಹ.

ಇಷ್ಟೆಲ್ಲ ಸಾಧನಗಳಿದ್ದರೂ ಸಂದೇಶದ ಮಾತುಗಳನ್ನು ಬರೆಯಬೇಕಾದವನು ಮನುಷ್ಯನೇ. 'ಸಾಧನ ವಿಫಲವಾಯಿತು' ಎಂದು ಬರೆಯುವುದು ಸುಲಭ. ಯಾವ ಸಾಧನ, ಯಾವ ಕೆಲಸದಲ್ಲಿ, ಯಾವ ಸಂಖ್ಯೆಯ ದೋಷ ತೋರಿ ವಿಫಲವಾಯಿತೆಂದು ಬರೆಯಲು ಮುಂದೆ ಅದನ್ನು ಓದುವವನ ಕಷ್ಟವನ್ನು ಮುಂಚಿತವಾಗಿ ನೆನೆಯಬೇಕಾಗುತ್ತದೆ. ಆ ಓದುಗನು ದೂರದ ಊರಿನಲ್ಲಿ, ಎಷ್ಟೋ ವರ್ಷಗಳ ಬಳಿಕ, ನಡುರಾತ್ರಿಯಲ್ಲಿ ನಿಂತುಹೋದ ಯಂತ್ರದ ಮುಂದೆ ಕುಳಿತಿರಬಹುದು. ಅವನ ಮುಂದಿರುವುದು ಆ ಒಂದು ಸಾಲು ಮಾತ್ರ. ಗಣಕವಿದ್ಯೆಯನ್ನು ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳು ಕ್ರಮವಿಧಿಗಳನ್ನು ರಚಿಸುವಾಗ ಆ ಅಪರಿಚಿತನನ್ನು ಮರೆಯದಿರಲಿ. ಕಲಿಸುವ ನಾವೂ ಅಂಕ ನೀಡುವಾಗ ಸರಿಯಾದ ಉತ್ತರದೊಡನೆ ಈ ಗುಣವನ್ನೂ ಗಮನಿಸೋಣ.