ಪದ್ಮಿನಿ ಬರಲಿಲ್ಲ, ದುಡ್ಡು ಹೋಯ್ತು: ಹಳೇ ಕಾರು ಕೊಳ್ಳೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀವಿ. ಈ ಲೇಖನ ಬರೆಯೋಕೆ ನಮಗಿರೋ ಒಂದೇ ಅರ್ಹತೆ ಅಂದ್ರೆ 18,500 ರೂಪಾಯಿ ಕಳಕೊಂಡಿರೋದು. ನಾವು ನಾಲ್ಕು ಜನ, ಎರಡನೇ ವರ್ಷದ ಮೆಕ್ಯಾನಿಕಲ್, ಒಂದೇ ಹಾಸ್ಟೆಲ್. ಕನ್ನಡದಲ್ಲಿ ಇಷ್ಟುದ್ದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಕ್ಷಮಿಸಿ.

ನಮ್ಮಲ್ಲಿ ಒಬ್ಬ ಹಾಸನದವನು. ಅವನ ಅಪ್ಪನ ಹತ್ತಿರ ಒಂದು ಕಾಲದಲ್ಲಿ ಪ್ರೀಮಿಯರ್ ಪದ್ಮಿನಿ ಇತ್ತು. ಅಜ್ಜಿಗೆ ಆಪರೇಷನ್ ಆದಾಗ ಅದನ್ನ ಮಾರಿದ್ರಂತೆ. ಈಗಲೂ ರಸ್ತೆಯಲ್ಲಿ ಹಳೇ ಪದ್ಮಿನಿ ಕಂಡ್ರೆ ಮಾತು ನಿಲ್ಲಿಸಿ, ಅದು ಮರೆಯಾಗೋ ತನಕ ನೋಡ್ತಾರೆ. ಬೇಸಿಗೆ ರಜೆಯಲ್ಲಿ ಒಂದು ಪದ್ಮಿನಿ ಕೊಂಡು, ನಾವೇ ರಿಪೇರಿ ಮಾಡಿ, ಅವರ ಮನೆ ಮುಂದೆ ನಿಲ್ಲಿಸೋಣ ಅಂತ ನಮ್ಮ ಪ್ಲಾನ್.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100 ಕಾರು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಲೈಸೆನ್ಸ್ ಪಡೆದು ಇದನ್ನ ತಯಾರಿಸ್ತಿತ್ತು. 1970ರ ದಶಕದಲ್ಲಿ ಪದ್ಮಿನಿ ಅನ್ನೋ ಹೆಸರು ಬಂತು. 1089 ಸಿಸಿ ಎಂಜಿನ್, ಕಾರ್ಬ್ಯುರೇಟರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ನಾಲ್ಕು ಗೇರ್. ಒಂದು ಕಾಲದಲ್ಲಿ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಅಂದ್ರೆ ಇದೇ ಆಗಿತ್ತು.

ಮೋಸಗಾರರಿಗೆ ಇಂಥ ಕಾರುಗಳೇ ಯಾಕೆ ಇಷ್ಟ ಅಂತ ಆಮೇಲೆ ಕೂತು ಯೋಚಿಸಿದ್ವಿ. ಹೊಸ ಕಾರಿಗೆ ಶೋರೂಮ್ ಬೆಲೆ ಇರುತ್ತೆ. ಪದ್ಮಿನಿ, 2014ರಲ್ಲಿ ನಿಂತುಹೋದ ಅಂಬಾಸಿಡರ್, ಕಾಂಟೆಸ್ಸಾ ಇವಕ್ಕೆ ಬೆಲೆಪಟ್ಟಿ ಅಂತ ಏನೂ ಇಲ್ಲ. ಒಬ್ಬ ಮೂರು ಲಕ್ಷ ಅಂತಾನೆ, ಇನ್ನೊಬ್ಬ ಅರವತ್ತು ಸಾವಿರ ಅಂತಾನೆ, ಎರಡೂ ನಿಜ ಅನ್ನಿಸುತ್ತೆ. ಮೇಲಾಗಿ ಕೊಳ್ಳೋಕೆ ಬರೋರು ಲೆಕ್ಕ ಹಾಕಿ ಬರಲ್ಲ, ಆಸೆಯಿಂದ ಬರ್ತಾರೆ. ನಮ್ಮ ಥರ.

ನಮಗೆ ಆಗಿದ್ದು ಇಷ್ಟು

ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ಸಿಕ್ತು. ಕೆನೆ ಬಣ್ಣದ 1978ರ ಪದ್ಮಿನಿ, ಬೆಲೆ 65,000. ಮಾರುವವನು ತಾನು ಸೇನೆಯಲ್ಲಿದ್ದೀನಿ, ಕಾಶ್ಮೀರಕ್ಕೆ ಟ್ರಾನ್ಸ್‌ಫರ್ ಆಗಿದೆ, ಹಾಗಾಗಿ ಬೇಗ ಮಾರಬೇಕು ಅಂದ. ಯೂನಿಫಾರ್ಮ್ ಹಾಕಿದ ಫೋಟೋ ಇರೋ ಐಡಿ ಕಾರ್ಡ್, ಆಧಾರ್, ಆರ್‌ಸಿ ಎಲ್ಲಾ ವಾಟ್ಸಾಪ್‌ನಲ್ಲಿ ಕಳಿಸಿದ. ನಾವು ಏನೂ ಕೇಳಿರಲಿಲ್ಲ, ಅವನೇ ಕಳಿಸಿದ. ಆಗಲೇ ಅನುಮಾನ ಬರಬೇಕಿತ್ತು.

"ಇನ್ನೂ ಇಬ್ಬರು ಕೇಳ್ತಿದ್ದಾರೆ, ಟೋಕನ್ ಹಾಕಿದ್ರೆ ನಿಮಗೇ ಇಡ್ತೀನಿ" ಅಂದ. 5,000 ಹಾಕಿದ್ವಿ. ಮಾರನೇ ದಿನ ಬೆಳಿಗ್ಗೆ, ಕಾರು ಸೇನೆಯ ಲಾರಿಯಲ್ಲಿ ಬರುತ್ತೆ, ಗೇಟ್ ಪಾಸ್ ಮತ್ತು ಸಾಗಣೆಗೆ 13,500 ಕಟ್ಟಿ, ಡೆಲಿವರಿ ಆದಾಗ ವಾಪಸ್ ಬರುತ್ತೆ ಅಂದ. ರಸೀದಿ ಕೂಡ ಬಂತು, ಸೀಲ್ ಸಮೇತ. ಹಾಕಿದ್ವಿ. ಮೂರನೇ ಸಲ 21,000 ಇನ್ಶೂರೆನ್ಸ್ ಅಂದಾಗ ಹಾಸನದವನು ಸುಮ್ಮನೆ ಒಂದು ಪ್ರಶ್ನೆ ಕೇಳಿದ: "ಸಾರ್, ಗೇರ್ ಹಾಕೋಕೆ ಸಲೀಸಾಗಿದೆಯಾ?" ಅವನು, "ಫಸ್ಟ್ ಕ್ಲಾಸ್, ಐದೂ ಗೇರ್ ಬೆಣ್ಣೆ ಥರ" ಅಂದ. ಪದ್ಮಿನಿಗೆ ಐದನೇ ಗೇರ್!

ಫೋನ್ ಇಟ್ಟ ಮೇಲೆ ರೂಮಲ್ಲಿ ಯಾರೂ ಮಾತಾಡಲಿಲ್ಲ. ಫೋಟೋಗಳನ್ನ ಇಮೇಜ್ ಸರ್ಚ್‌ಗೆ ಹಾಕಿದ್ವಿ. ಅದೇ ಕಾರು ಎರಡು ವರ್ಷ ಹಿಂದೆ ಬೇರೆ ರಾಜ್ಯದ ಜಾಹೀರಾತಿನಲ್ಲಿತ್ತು.

ಹಣ ಕಳಿಸೋ ಮುಂಚೆ ಏನು ನೋಡಬೇಕು

ಮೊದಲನೆಯದು ಫೋಟೋ. ಇಮೇಜ್ ಸರ್ಚ್‌ಗೆ ಎರಡು ನಿಮಿಷ ಸಾಕು. ಆಮೇಲೆ ವಿಡಿಯೋ ಕಾಲ್ ಕೇಳಿ. ಬಾನೆಟ್ ಮೇಲೆ ಇವತ್ತಿನ ಪೇಪರ್ ಇಟ್ಟು ತೋರಿಸಿ, ಡೋರ್ ತೆಗೆದು ಗೇರ್ ಹಾಕಿ ತೋರಿಸಿ ಅನ್ನಿ. ಕಾರು ನಿಜವಾಗಿ ಇರೋನಿಗೆ ಇದು ಕಷ್ಟ ಅಲ್ಲ.

ಎರಡನೆಯದು ನಂಬರ್ ಪ್ಲೇಟ್. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ರೆ ರಿಜಿಸ್ಟ್ರೇಷನ್ ದಿನಾಂಕ, ಇಂಧನ, ಇನ್ಶೂರೆನ್ಸ್ ಇತ್ಯಾದಿ ಕಾಣುತ್ತೆ. ಮಾಲೀಕರ ಹೆಸರು ಪೂರ್ತಿ ಕಾಣಲ್ಲ, ಆದ್ರೂ ಕಾಣೋ ಅಕ್ಷರಗಳು ಆರ್‌ಸಿ ಜೊತೆ ಹೊಂದುತ್ತಾ ನೋಡಬಹುದು. ತುಂಬಾ ಹಳೇ ಗಾಡಿಗಳ ದಾಖಲೆ ಆ್ಯಪ್‌ನಲ್ಲಿ ಇಲ್ಲದೇ ಇರಬಹುದು. ಆಗ ಆ ಗಾಡಿ ರಿಜಿಸ್ಟರ್ ಆದ ಆರ್‌ಟಿಓ ಕಚೇರಿಗೇ ಹೋಗಿ ವಿಚಾರಿಸಬೇಕು. ಇನ್ನೊಂದು ಸುಳಿವು: ನಮ್ಮ ರಾಜ್ಯದಲ್ಲಿ ಕೆಎ ಅಂತ ಶುರುವಾಗೋ ನಂಬರ್ ಬಂದಿದ್ದು 1989ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಎಂವೈ, ಸಿಎ ಥರದ ಅಕ್ಷರಗಳು. 1978ರ ಕಾರಿಗೆ ಕೆಎ ನಂಬರ್ ಇದ್ದ ಮಾತ್ರಕ್ಕೆ ಮೋಸ ಅಂತಲ್ಲ, ಬೇರೆ ರಾಜ್ಯದಿಂದ ಬಂದು ಮರುನೋಂದಣಿ ಆಗಿರಬಹುದು. ಆದ್ರೆ ಹೇಗೆ ಬಂತು ಅಂತ ಕೇಳಲೇಬೇಕು.

ಮೂರನೆಯದು ಚಾಸಿ ನಂಬರ್ ಮತ್ತು ಎಂಜಿನ್ ನಂಬರ್. ಕಾರಿನ ಮೇಲೆ ಕೆತ್ತಿರೋದು ಆರ್‌ಸಿಯಲ್ಲಿ ಇರೋದು ಒಂದೇ ಇರಬೇಕು. ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದ್ರೆ ಅಚ್ಚು ಬರುತ್ತೆ. ಕೆತ್ತಿದ ಜಾಗ ಉಜ್ಜಿ ಮತ್ತೆ ಹೊಡೆದ ಥರ ಇದ್ರೆ ಅಲ್ಲಿಂದ ಎದ್ದು ಬನ್ನಿ.

ನಾಲ್ಕನೆಯದು ಕಾಗದ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ಕಾರಾದ್ರೆ ಫಾರ್ಮ್ 28ರ ಎನ್‌ಓಸಿ. ಸಾಲ ಇದ್ದು ತೀರಿದ್ರೆ ಫಾರ್ಮ್ 35. "ಹೆಸರು ಆಮೇಲೆ ಮಾಡಿಸಿಕೊಳ್ಳಿ" ಅಂದ್ರೆ ಒಪ್ಪಬೇಡಿ. "ಇದು ವಿಂಟೇಜ್, ಕಾಗದ ಬೇಡ" ಅಂದ್ರೂ ನಂಬಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ ಸಿಗೋದು. ಅದಕ್ಕೂ ಅರ್ಜಿ, 20,000 ಶುಲ್ಕ, ಬೇರೆ ನಂಬರ್ ಇದೆ. ಅಂಥ ಗಾಡಿಯನ್ನ ದಿನಾ ಓಡಿಸೋ ಹಾಗೂ ಇಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯ: ಕಾರು ಮುಟ್ಟಿ ನೋಡೋ ತನಕ ಒಂದು ರೂಪಾಯಿನೂ ಬೇಡ. ಟೋಕನ್, ಗೇಟ್ ಪಾಸ್, ಸಾಗಣೆ, ರೀಫಂಡ್ ಆಗೋ ಡೆಪಾಸಿಟ್, ಹೆಸರು ಯಾವುದಾದ್ರೂ ಇರಲಿ. ಮಾರುವವನೇ ಕಳಿಸಿದ "ಸುರಕ್ಷಿತ ಪಾವತಿ" ಲಿಂಕ್ ಕೂಡ ಅವನದೇ ಜೇಬು ಅಂದ್ಕೊಳ್ಳಿ. ನೀವು ಮಾರುವವರಾಗಿದ್ರೆ ಇನ್ನೊಂದು ಮಾತು: ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ. ಪಿನ್ ಒತ್ತಿದ್ರೆ ದುಡ್ಡು ಹೋಗುತ್ತೆ, ಬರಲ್ಲ.

ಹೋಗಿಬಿಟ್ಟಿದ್ರೆ

ಇಲ್ಲೇ ನಾವು ಎರಡನೇ ತಪ್ಪು ಮಾಡಿದ್ದು. ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕಿತ್ತು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದ್ರೆ ದುಡ್ಡು ಹೋದ ಖಾತೆಯಲ್ಲೇ ಅದನ್ನ ತಡೆಹಿಡಿಯೋ ಸಾಧ್ಯತೆ ಇರುತ್ತೆ. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹಾರುತ್ತೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ವಹಿವಾಟಿನ ಸಂಖ್ಯೆ, ಚಾಟ್, ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ಬ್ಯಾಂಕಿಗೂ ತಿಳಿಸಿ.

ನಾವು ಎರಡು ದಿನ ಸುಮ್ಮನಿದ್ವಿ. ಎಂಜಿನಿಯರಿಂಗ್ ಓದೋರು, ಇಡೀ ದಿನ ಫೋನ್ ಹಿಡಿದಿರೋರು, ನಮಗೇ ಹೀಗಾಯ್ತು ಅಂತ ಹೇಳೋಕೆ ನಾಚಿಕೆ. ಆ ನಾಚಿಕೆ ಅವನಿಗೆ ಎರಡು ದಿನ ಸಮಯ ಕೊಡ್ತು. ದೂರು ಕೊಟ್ಟಿದ್ದೀವಿ, ದುಡ್ಡು ಇನ್ನೂ ಬಂದಿಲ್ಲ.

ಕೊನೆಗೆ ಹಾಸನದವನು ಮನೆಗೆ ಹೋಗಿ ಅಪ್ಪನಿಗೆ ಎಲ್ಲಾ ಹೇಳಿದ. ಬೈತಾರೆ ಅಂದ್ಕೊಂಡಿದ್ದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವೇನೋ? ಹಳೇ ಕಾರು ನೋಡೋಕೆ ನನಗೆ ಬರಲ್ವಾ?" ಅಂದ್ರಂತೆ. ಸರ್‌ಪ್ರೈಸ್ ಕೊಡೋ ಆಸೆಯಲ್ಲಿ ನಾವು ಬಿಟ್ಟಿದ್ದು ಆ ಕಾರು ಬಲ್ಲ ಒಬ್ಬರೇ ಒಬ್ಬರನ್ನ.

ಮುಂದಿನ ಭಾನುವಾರ ಚನ್ನರಾಯಪಟ್ಟಣದ ಹತ್ತಿರ ಒಂದು ಪದ್ಮಿನಿ ನೋಡೋಕೆ ಹೋಗ್ತಿದ್ದೀವಿ. ಕಾರಿನ ಮಾಲೀಕರ ಮನೆಗೇ, ಹಗಲು ಹೊತ್ತಲ್ಲಿ. ಅಂಕಲ್ ಜೊತೆಗೆ ಬರ್ತಿದ್ದಾರೆ, ಅವರ ಪರಿಚಯದ ಮೆಕ್ಯಾನಿಕ್ಕೂ. ದುಡ್ಡು ಮಾತ್ರ ಒಯ್ಯಲ್ಲ, ಹಾಳೆ ಪೆನ್ಸಿಲ್ ಒಯ್ತೀವಿ.