ಪೋಲೆಂಡಿನ ಶಾಲೆಯಿಂದ ಆಕ್ಸ್‌ಫರ್ಡಿನ ಬಾಗಿಲಿಗೆ

ಫ್ಯಾರನ್‌ಹೀಟ್ ಮಾನದ ಉಷ್ಣತೆಯನ್ನು ಸೆಲ್ಸಿಯಸ್ ಮಾನಕ್ಕೆ ಪರಿವರ್ತಿಸುವುದು ಸುಲಭ. 32ನ್ನು ಕಳೆದು, ಉಳಿದುದನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಸಾಕು. ಎರಡು ಮಾಪಕಗಳೂ ಅಳೆಯುವುದು ಒಂದೇ ವಸ್ತುವನ್ನಾದುದರಿಂದ ಈ ಸೂತ್ರವು ಎಂದಿಗೂ ತಪ್ಪುವುದಿಲ್ಲ. ಆದರೆ ಒಂದು ದೇಶದ ಪರೀಕ್ಷೆಯ ಅಂಕಗಳನ್ನು ಇನ್ನೊಂದು ದೇಶದ ವಿದ್ಯಾಪೀಠದ ಮುಂದೆ ಇಟ್ಟಾಗ ಅಂಥ ಸೂತ್ರ ದೊರೆಯುವುದಿಲ್ಲ. ಪೋಲೆಂಡಿನ ಶಾಲಾ ವಿದ್ಯಾರ್ಥಿಯೊಬ್ಬನು ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವಾಗ ಏನೇನು ನಡೆಯುವುದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಮತೂರಾ ಪರೀಕ್ಷೆ

ಪೋಲೆಂಡಿನಲ್ಲಿ ಪ್ರೌಢಶಿಕ್ಷಣದ ಕೊನೆಯ ಶಾಲೆಗೆ ಲಿತ್ಸೇಉಮ್ ಎಂದು ಹೆಸರು. 2019ರ ಸುಧಾರಣೆಯಿಂದ ಅದು ನಾಲ್ಕು ವರ್ಷಗಳ ವ್ಯಾಸಂಗವಾಗಿದೆ. ಅದರ ಕೊನೆಗೆ, ಮೇ ತಿಂಗಳಿನಲ್ಲಿ, ಮತೂರಾ ಎಂಬ ರಾಷ್ಟ್ರೀಯ ಪರೀಕ್ಷೆ ನಡೆಯುತ್ತದೆ. ಪೋಲಿಷ್ ಭಾಷೆ, ಗಣಿತ ಮತ್ತು ಒಂದು ವಿದೇಶೀ ಭಾಷೆ, ಇವು ಮೂಲ ಮಟ್ಟದಲ್ಲಿ ಎಲ್ಲರಿಗೂ ಕಡ್ಡಾಯ. ಇವುಗಳ ಜೊತೆಗೆ ಕನಿಷ್ಠಪಕ್ಷ ಒಂದು ವಿಷಯವನ್ನಾದರೂ ವಿಸ್ತೃತ ಮಟ್ಟದಲ್ಲಿ ಬರೆಯಬೇಕು. ಫಲಿತಾಂಶವು ಜುಲೈ ತಿಂಗಳ ಆದಿಯಲ್ಲಿ ಪ್ರಕಟವಾಗುತ್ತದೆ.

ಈ ಶೇಕಡಾ ಅಂಕಗಳನ್ನು ನಮ್ಮ ಅಂಕಗಳಂತೆ ತಿಳಿಯಲಾಗದು. ವಿಸ್ತೃತ ಗಣಿತದಲ್ಲಿ ಇಡೀ ದೇಶದ ಸರಾಸರಿ ಅನೇಕ ವರ್ಷಗಳಲ್ಲಿ ಶೇಕಡಾ 50ಕ್ಕಿಂತ ಕೆಳಗೇ ಇದ್ದಿತು. ಆದುದರಿಂದ ಅಲ್ಲಿನ 85 ಎಂಬ ಅಂಕಕ್ಕೆ ಬಹಳ ಬೆಲೆಯುಂಟು. ಈ ಕಾರಣಕ್ಕಾಗಿಯೇ ಪ್ರಮಾಣಪತ್ರದಲ್ಲಿ ಅಂಕದೊಡನೆ ಶತಮಾನಾಂಕವೂ ಅಚ್ಚಾಗಿರುತ್ತದೆ. ಪರೀಕ್ಷೆಗೆ ಕುಳಿತ 100 ಮಂದಿಯಲ್ಲಿ ಎಷ್ಟು ಮಂದಿ ಈತನಷ್ಟೇ ಅಥವಾ ಈತನಿಗಿಂತ ಕಡಿಮೆ ಅಂಕ ಗಳಿಸಿದರು ಎಂಬುದನ್ನು ಅದು ತಿಳಿಸುವುದು.

ಪರೀಕ್ಷೆಗೆ ಮೊದಲೇ ಫಲಿತಾಂಶ

ಪೋಲೆಂಡಿನ ಸ್ವಂತ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶಕ್ರಮವು ಸರಳವಾದುದು. ಮತೂರಾದ ಅಂಕಗಳು ಬಂದ ಮೇಲೆ, ಜುಲೈನಲ್ಲಿ, ಅವುಗಳ ಆಧಾರದ ಮೇಲೆ ಶ್ರೇಣಿಯನ್ನು ಸಿದ್ಧಪಡಿಸುವರು. ಬಹುತೇಕ ವಿಷಯಗಳಲ್ಲಿ ಸಂದರ್ಶನವಿಲ್ಲ. ಅಧ್ಯಾಪಕರ ಶಿಫಾರಸೂ ಬೇಕಿಲ್ಲ.

ಬ್ರಿಟನ್ನಿನ ಪದ್ಧತಿ ಇದಕ್ಕೆ ತೀರ ವಿರುದ್ಧವಾಗಿದೆ. ಅಲ್ಲಿ ಅರ್ಜಿಗಳೆಲ್ಲವೂ ಯೂಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗಬೇಕು. ಸಾಮಾನ್ಯವಾಗಿ ಐದು ವ್ಯಾಸಂಗಕ್ರಮಗಳನ್ನು ಆರಿಸಿಕೊಳ್ಳಬಹುದಾದರೂ, ಪದವಿ ವ್ಯಾಸಂಗಕ್ಕೆ ಒಂದೇ ವರ್ಷದಲ್ಲಿ ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳೆರಡಕ್ಕೂ ಅರ್ಜಿ ಹಾಕುವಂತಿಲ್ಲ. ಇವೆರಡಕ್ಕೂ ಕೊನೆಯ ದಿನ ಅಕ್ಟೋಬರ್ 15. ಅಂದರೆ ಮತೂರಾಗೆ ಏಳು ತಿಂಗಳು ಮುಂಚೆ!

ಇನ್ನೂ ನಡೆಯದ ಪರೀಕ್ಷೆಯ ಅಂಕಗಳನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು? ಅಧ್ಯಾಪಕರು ಮುನ್ನಂದಾಜು ಮಾಡಿ ತಿಳಿಸಬೇಕು. ಇಂಗ್ಲಿಷ್ ಶಾಲೆಗಳಲ್ಲಿ ಇದು ವರ್ಷವರ್ಷವೂ ನಡೆಯುವ ಕೆಲಸ. ಪೋಲೆಂಡಿನ ಅಧ್ಯಾಪಕರಿಗಾದರೋ ಇದರ ರೂಢಿಯಿಲ್ಲ. ಅವರು ತರಗತಿಯಲ್ಲಿ ಕೊಡುವುದು 1ರಿಂದ 6ರವರೆಗಿನ ದರ್ಜೆ. ಬ್ರಿಟನ್ ಕೇಳುವುದು ಶೇಕಡಾ ಅಂಕ. ಅಂದಾಜು ಕಡಿಮೆಯಾದರೆ ಅರ್ಜಿಯು ಸಂದರ್ಶನದ ಹಂತವನ್ನೇ ಮುಟ್ಟದೆ ಹೋದೀತು. ಅಂದಾಜು ಮಿತಿಮೀರಿದರೆ, ಷರತ್ತಿನ ಮೇಲೆ ದೊರೆತ ಸ್ಥಾನವು ಜುಲೈನಲ್ಲಿ ಷರತ್ತು ಪೂರೈಸದೆ ಕೈತಪ್ಪೀತು.

ಈ ಅನಿಶ್ಚಯದಿಂದ ಪಾರಾಗಲು ಕೆಲವರಿಗೆ ಒಂದು ದಾರಿಯುಂಟು. ಪೋಲೆಂಡಿನ ಗಣಿತ ಒಲಿಂಪಿಯಾಡ್ 1949-50ರಷ್ಟು ಹಿಂದೆ ಆರಂಭವಾದುದು. ಇಂಥ ವಿಷಯ ಒಲಿಂಪಿಯಾಡ್‌ಗಳಲ್ಲಿ ವಿಜಯಿಯಾದವನಿಗೆ ಮತೂರಾದಲ್ಲಿ ಆ ವಿಷಯದ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿ ಪೂರ್ಣಾಂಕವೇ ದೊರೆಯುತ್ತದೆ. ಹಿಂದಿನ ತರಗತಿಯಲ್ಲಿಯೇ ಗೆದ್ದವನ ಅಂಕ ಅಕ್ಟೋಬರಿನಲ್ಲಿ ಅಂದಾಜಾಗಿ ಉಳಿಯುವುದಿಲ್ಲ.

ಬರೆಹ, ಪರೀಕ್ಷೆ, ಸಂದರ್ಶನ

ಅರ್ಜಿಯೊಡನೆ 4,000 ಅಕ್ಷರಗಳೊಳಗೆ ಸ್ವವಿವರಣೆಯೊಂದನ್ನು ಬರೆಯಬೇಕು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಿದ್ದಾರೆ: ಈ ವಿಷಯವೇ ಏಕೆ, ವ್ಯಾಸಂಗವು ನಿನ್ನನ್ನು ಹೇಗೆ ಸಿದ್ಧಗೊಳಿಸಿದೆ, ಶಾಲೆಯ ಹೊರಗೆ ನೀನು ಮಾಡಿದುದೇನು ಎಂದು. ಇದಲ್ಲದೆ ಅನೇಕ ವಿಷಯಗಳಿಗೆ ಪ್ರತ್ಯೇಕ ಪ್ರವೇಶಪರೀಕ್ಷೆಗಳುಂಟು. ಕೇಂಬ್ರಿಜ್‌ನಲ್ಲಿ ಗಣಿತ ಓದಬಯಸುವವರು ಬೇಸಗೆಯಲ್ಲಿ ಸ್ಟೆಪ್ ಎಂಬ ಕಠಿನ ಪರೀಕ್ಷೆಯನ್ನೂ ಎದುರಿಸಬೇಕು.

ಡಿಸೆಂಬರಿನಲ್ಲಿ ಸಂದರ್ಶನ. 2020ರಿಂದ ಆಕ್ಸ್‌ಫರ್ಡ್ ಅದನ್ನು ಅಂತರ್ಜಾಲದ ಮೂಲಕವೇ ನಡೆಸುತ್ತಿದೆ. ಅಲ್ಲಿ ಅಳೆಯುವುದು ನೆನಪನ್ನಲ್ಲ, ಯೋಚನೆಯ ನಡೆಯನ್ನು. ನಾವೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಲೋಟದ ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿದೆ. ಅದು ಕರಗಿದರೆ ನೀರಿನ ಮಟ್ಟ ಏನಾಗುವುದು? ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಲ್ಲಟಗೊಳಿಸುತ್ತದೆ; ಕರಗಿದಾಗ ಅಷ್ಟೇ ನೀರಾಗುವುದು. ಮಟ್ಟ ಬದಲಾಗದು. ಇದನ್ನು ಪುಸ್ತಕದಿಂದಲೂ ಹೇಳಬಹುದು. ಆಗ ಪರೀಕ್ಷಕರು ಮತ್ತೆ ಕೇಳಬಹುದು: ತೇಲುವ ಗಡ್ಡೆಯೊಳಗೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡಿದ್ದರೆ? ತೇಲುವಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಪಲ್ಲಟಗೊಳಿಸುತ್ತಿತ್ತು. ಮುಳುಗಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ. ಕಲ್ಲು ನೀರಿಗಿಂತ ಸಾಂದ್ರವಾದುದರಿಂದ ಮಟ್ಟವು ಇಳಿಯುವುದು. ಮೊದಲು ತಪ್ಪಿದರೂ, ಸುಳಿವು ಕೊಟ್ಟಾಗ ದಾರಿ ತಿದ್ದಿಕೊಳ್ಳುವವನನ್ನು ಪರೀಕ್ಷಕರು ಮೆಚ್ಚುವರು. ಇದನ್ನು ತನ್ನದಲ್ಲದ ಭಾಷೆಯಲ್ಲಿ, ಗಟ್ಟಿಯಾಗಿ ಯೋಚಿಸುತ್ತ ಮಾಡಬೇಕೆಂಬುದೇ ಪೋಲಿಷ್ ವಿದ್ಯಾರ್ಥಿಯ ಹೆಚ್ಚಿನ ಹೊರೆ.

ಹಣದ ಲೆಕ್ಕ

2004ರ ಮೇ 1ರಂದು ಪೋಲೆಂಡ್ ಐರೋಪ್ಯ ಒಕ್ಕೂಟವನ್ನು ಸೇರಿತು. ಅಂದಿನಿಂದ ಅದರ ವಿದ್ಯಾರ್ಥಿಗಳು ಬ್ರಿಟಿಷ್ ವಿದ್ಯಾರ್ಥಿಗಳು ಕೊಡುವಷ್ಟೇ ಶುಲ್ಕ ಕೊಡುತ್ತಿದ್ದರು. 2020ರಲ್ಲಿ ಇಂಗ್ಲೆಂಡಿನಲ್ಲಿ ಅದರ ಮಿತಿ ವರ್ಷಕ್ಕೆ 9,250 ಪೌಂಡು. ಶುಲ್ಕಕ್ಕಾಗಿ ಸರ್ಕಾರದ ಸಾಲವೂ ದೊರೆಯುತ್ತಿತ್ತು. 2020ರಲ್ಲಿ ಬ್ರಿಟನ್ ಒಕ್ಕೂಟವನ್ನು ತೊರೆಯಿತು. 2021ರ ಶೈಕ್ಷಣಿಕ ವರ್ಷದಿಂದ, ಮೊದಲೇ ಬ್ರಿಟನ್ನಿನಲ್ಲಿ ನೆಲೆಸಿ ಹಕ್ಕು ಪಡೆದವರನ್ನು ಬಿಟ್ಟರೆ, ಹೊಸಬರೆಲ್ಲರೂ ವಿದೇಶೀಯರ ಶುಲ್ಕವನ್ನೇ ತೆರಬೇಕು. ಅನೇಕ ವ್ಯಾಸಂಗಗಳಲ್ಲಿ ಅದು ವರ್ಷಕ್ಕೆ 30,000 ಪೌಂಡನ್ನು ಮೀರಿದೆ. ಸಾಲವಿಲ್ಲ; ವೀಸಾ ಬೇಕು. ಒಕ್ಕೂಟದ ದೇಶಗಳಿಂದ ಪ್ರವೇಶ ಪಡೆದವರ ಸಂಖ್ಯೆ ಆ ಒಂದೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು.

ಇತ್ತ ಪೋಲೆಂಡಿನ ಸರ್ಕಾರೀ ವಿಶ್ವವಿದ್ಯಾನಿಲಯಗಳಲ್ಲಿ ಪೂರ್ಣಾವಧಿ ವ್ಯಾಸಂಗ ಉಚಿತ. ಹೀಗೆ ವಾರ್ಸಾದ ಒಂದು ಮಧ್ಯಮವರ್ಗದ ಮನೆಯಲ್ಲಿ ಪ್ರಶ್ನೆ ಬರಿಯ ಯೋಗ್ಯತೆಯದಾಗಿ ಉಳಿದಿಲ್ಲ. ಮಗಳಿಗೆ ಸ್ಥಾನ ದೊರೆತರೂ ವಿದ್ಯಾರ್ಥಿವೇತನ ದೊರೆಯದಿದ್ದರೆ ಆ ಪತ್ರವನ್ನು ಮಡಿಸಿಡಬೇಕಾದೀತು. ಬೆಂಗಳೂರಿನ ಅಥವಾ ಧಾರವಾಡದ ಪಿ.ಯು. ವಿದ್ಯಾರ್ಥಿಗೆ ಇದು ಹೊಸ ಸಂಗತಿಯಲ್ಲ. ಶುಲ್ಕ ಮತ್ತು ವೀಸಾಗಳ ಮಟ್ಟಿಗೆ 2021ರಿಂದ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಆದರೂ ಪೋಲಿಷ್ ವಿದ್ಯಾರ್ಥಿಗೆ ಒಂದು ಅನುಕೂಲ ಉಳಿದಿದೆ. ಬ್ರಿಟನ್ನಿನ ಉತ್ತರ ಬಂದು, ಮತೂರಾದ ಫಲಿತಾಂಶವೂ ತಿಳಿದ ಮೇಲೆಯೇ ಸ್ವದೇಶದ ಆಯ್ಕೆ ನಡೆಯುವುದರಿಂದ, ಹೊರಗಿನ ಪ್ರಯತ್ನ ವಿಫಲವಾದರೆ ಮನೆಯ ಬಾಗಿಲು ಮುಚ್ಚಿರುವುದಿಲ್ಲ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ ಮೊದಲು ಓದಿದುದು 1364ರಲ್ಲಿ ಸ್ಥಾಪಿತವಾದ ಕ್ರಾಕೋವಿನ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಡಾಕ್ಟರೇಟ್ ಪಡೆದ ನಂತರವೇ, 1910ರಲ್ಲಿ, ಅವನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದನು. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ತೆರೆಯದ ಬಾಗಿಲನ್ನು ಮುಂದೆ ಮತ್ತೊಮ್ಮೆ ತಟ್ಟಬಹುದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.