ಸಿಡಿದ ನಕ್ಷತ್ರದ ಕಾಲ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಕ್ಷತ್ರ ಸಿಡಿದು ಎಷ್ಟು ವರ್ಷವಾಯಿತೆಂದು ವಿಜ್ಞಾನಿಗಳು ಹೇಗೆ ಹೇಳುತ್ತಾರೆ?

ಉತ್ತರ: ಸಿಡಿತದಿಂದ ಉಳಿದು ಹರಡುತ್ತಿರುವ ಅನಿಲದ ಮೋಡವನ್ನೇ ಅಳೆದು. ವೃಷಭ ರಾಶಿಯಲ್ಲಿ, ಗೂಳಿಯ ಕೊಂಬಿನ ತುದಿಗೆ ಹತ್ತಿರ ಏಡಿ ನೀಹಾರಿಕೆ ಎಂಬ ಅಂಥದೊಂದು ಮೋಡ ಇದೆ. ಅಮೆರಿಕದ ಖಗೋಳವಿಜ್ಞಾನಿ ಜಾನ್ ಡಂಕನ್ 1921ರಲ್ಲಿ ಅದರ ಎರಡು ಛಾಯಾಚಿತ್ರಗಳನ್ನು ಹೋಲಿಸಿ ನೋಡಿದರು. ನಡುವಿನ ಅಂತರ ಸುಮಾರು 11 ವರ್ಷ. ಅನಿಲದ ಎಳೆಗಳು ತುಸುವೇ ತುಸು ಹೊರಗೆ ಸರಿದಿದ್ದವು! ಅದೇ ವೇಗದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದ ಎಡ್ವಿನ್ ಹಬಲ್, 1928ರಲ್ಲಿ, ಈ ಮೋಡಕ್ಕೆ ಸುಮಾರು 900 ವರ್ಷ ಎಂದರು. ಈ ಲೆಕ್ಕಕ್ಕೆ ಹೊಂದುವ ದಾಖಲೆಯೂ ಇದೆ: 1054ರಲ್ಲಿ ಚೀನಾದ ಆಸ್ಥಾನದವರು ಆ ದಿಕ್ಕಿನಲ್ಲೇ ‘ಅತಿಥಿ ನಕ್ಷತ್ರ’, ಅಂದರೆ ಹೊಸದಾಗಿ ಕಾಣಿಸಿಕೊಂಡ ನಕ್ಷತ್ರ, ಕಂಡು ಬರೆದಿಟ್ಟಿದ್ದರು. 23 ದಿನ ಅದು ಹಗಲಲ್ಲೂ ಕಾಣುತ್ತಿತ್ತಂತೆ. ಅಂದು ಬರೆದಿಟ್ಟ ಆ ಕೈಗಳಿಗೆ ನಾವು ಋಣಿಗಳು. ಸಿಡಿದುಳಿದ ತಿರುಳು ಇಂದಿಗೂ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿದೆ.